ಗ್ರೇಪ್‌ವೈನ್ ಕೆರೆಯಲ್ಲಿ ಬೋಟ್ ಪೂಜೆ

ಮೋಹನರಾಜ ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ಎದುರಿನವರು ತಾವಾಗಿಯೇ ಏನನ್ನೋ ತಪ್ಪಾಗಿ ತಿಳಿದುಕೊಂಡು ಸಂತೋಷವಾಗಿದ್ದರೆ, ಅದನ್ನು ತಿದ್ದಿ ಅವರ ಮನಸ್ಸು ನೋಯಿಸುವ ಮನುಷ್ಯನೂ ಅಲ್ಲ. ಎರಡು ಸಾವಿರದ ಎರಡನೇ ಇಸವಿಯ ನವರಾತ್ರಿಯಲ್ಲಿ ಅವನು ಪಟ್ಟ ಪಾಡಿಗೆಲ್ಲ ಈ ಸದ್ಗುಣವೇ ಕಾರಣ.

ಮೋಹನರಾಜ ಮೈಸೂರಿನವನು. ಡಾಲಸ್ ಪಕ್ಕದ ಅರ್ವಿಂಗಿನಲ್ಲಿ ಬಾಡಿಗೆ ಮನೆ, ಅಲ್ಲೇ ಒಂದು ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕೆಲಸ. ಹೆಂಡತಿ ಅನುಸೂಯಾ ಬಾಗಲಕೋಟೆಯವಳು. ಮಗಳು ಶ್ರಾವಣಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತಿತ್ತು.

ಟೆಕ್ಸಾಸ್ ಹುಲ್ಲುಗಾವಲಿನ ನಾಡು. ದೇವರು ಅಲ್ಲಿ ಕೆರೆ ಮಾಡುವುದನ್ನು ಮರೆತಿದ್ದರಿಂದ ಜನರೇ ಹಳ್ಳಕೊಳ್ಳಗಳಿಗೆ ಕಟ್ಟೆ ಹಾಕಿ ಊರಿಗೊಂದರಂತೆ ಮಾಡಿಕೊಂಡಿದ್ದಾರೆ. ಮಾಡಿಕೊಂಡ ಮೇಲೆ ಸುಮ್ಮನೆ ಬಿಟ್ಟಾರೆಯೇ? ವಾರವೆಲ್ಲ ದುಡಿದು ಶನಿವಾರ ಭಾನುವಾರ ಅದರಲ್ಲೇ ಬಿದ್ದಿರುತ್ತಾರೆ. ಮೋಹನರಾಜನ ಮ್ಯಾನೇಜರ್ ಡ್ವೇನ್ ಕೂಡ ಅಂಥವನೇ. ಸೌತ್‌ಲೇಕ್‌ನಲ್ಲಿ ಮನೆ, ಮನೆಯಿಂದ ಹತ್ತು ನಿಮಿಷಕ್ಕೆ ಗ್ರೇಪ್‌ವೈನ್ ಕೆರೆ, ಕೆರೆಯಲ್ಲಿ ನೀಲಿ ಪಟ್ಟೆಯ ಒಂದು ಬಿಳಿ ಬೋಟು.

ಆ ವರ್ಷ ಮೇ ತಿಂಗಳಲ್ಲಿ ಆಫೀಸಿನವರ ಪಿಕ್ನಿಕ್ ಅಲ್ಲೇ ಆಯಿತು. ಡ್ವೇನ್ ಎಲ್ಲರನ್ನೂ ಬೋಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸಿದ. ಈಜು ಬಾರದ ಮೋಹನರಾಜ ಬೋಟಿನ ನಟ್ಟನಡುವೆ ಕುಳಿತು, ಐಸ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಕಣ್ಣು ಮುಚ್ಚಿಕೊಂಡು ಕೆರೆಯ ಸೌಂದರ್ಯವನ್ನು ಸವಿದ. ಬೋಟು ದಡಕ್ಕೆ ಬಂದು, ಹಗ್ಗ ಬಿಗಿದು, ಅದು ಇನ್ನು ಅಲ್ಲಾಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವನಿಗೆ ಧೈರ್ಯ ಬಂತು. ಡ್ವೇನ್‌ನ ಟೋಪಿ ಇಸಿದುಕೊಂಡು ಹಾಕಿ, ಸ್ಟಿಯರಿಂಗ್ ಹಿಡಿದು, ದೂರದ ದಿಗಂತವನ್ನು ನೋಡುತ್ತ ಫೋಟೋ ತೆಗೆಸಿಕೊಂಡ. ಅನುಸೂಯಾ ಅದನ್ನು ಮಗಳ ಸ್ಕೂಲ್ ಫೋಟೋದ ಜೊತೆ ಬಾಗಲಕೋಟೆಗೆ ಕಳಿಸಿದಳು.

ಬಾಗಲಕೋಟೆಯಲ್ಲಿದ್ದವರು ಅವಳ ತಂದೆ ಶಿವಪುತ್ರಪ್ಪನವರು. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಸ್ವಂತದ್ದಲ್ಲದ ವಾಹನದ ಸ್ಟಿಯರಿಂಗ್ ಹಿಡಿದು ಯಾರಾದರೂ ಫೋಟೋ ತೆಗೆಸಿಕೊಂಡಾರು ಎಂಬುದು ಅವರ ಊಹೆಗೆ ಮೀರಿದ ಮಾತು. ಫೋಟೋ ತಲುಪಿದ ದಿನವೇ ಫೋನ್ ಬಂತು.

"ಅಳಿಯಂದ್ರ, ಫೋಟೋ ಮುಟ್ಟಿತ್ರಿ. ಬೋಟ್ ಭಾಳ ಚಂದ ಐತಿ. ನಿಮ್ಮದ ಹೌದಲ್ರಿ?"

"ಹೂಂ ಮಾವ... ಅಂದ್ರೆ..."

ಆ ಕಾಲದ ಫೋನುಗಳಲ್ಲಿ ಮಾತು ಸಮುದ್ರ ದಾಟುವಷ್ಟರಲ್ಲಿ ಅರ್ಧ ಮುಳುಗಿಹೋಗುತ್ತಿತ್ತು. 'ಹೂಂ' ಬಾಗಲಕೋಟೆ ಮುಟ್ಟಿತು. 'ಅಂದ್ರೆ' ಅಟ್ಲಾಂಟಿಕ್ ಸಾಗರದಲ್ಲೇ ಉಳಿಯಿತು.

"ಏ ಗುರವ್ವಾ, ಅಳಿಯಂದ್ರದ ಅಂತ ಬೋಟು!" ಎಂದು ಆ ಕಡೆ ಅವರು ಹೆಂಡತಿಗೆ ಕೂಗಿ ಹೇಳಿದ್ದು, ಅತ್ತೆ "ಅಯ್ಯ ನನ್ನಪ್ಪಾ!" ಎಂದು ಉದ್ಗರಿಸಿದ್ದು ಮಾತ್ರ ಚೂರೂ ಮುಳುಗದೆ ಈ ಕಡೆ ಕೇಳಿಸಿತು. ಅಷ್ಟು ಸಂತೋಷವನ್ನು ಯಾವ ಅಳಿಯ ಹಾಳು ಮಾಡುತ್ತಾನೆ?

"ನೀವು ಯಾಕ ಇಲ್ಲ ಅನ್ಲಿಲ್ಲ?" ಅನುಸೂಯಾ ಕೇಳಿದಳು.

"ಮುಂದಿನ ವಾರ ಫೋನ್ ಮಾಡ್ದಾಗ ನಿಧಾನವಾಗಿ ಹೇಳ್ತೀನಿ ಬಿಡು."

ಮುಂದಿನ ವಾರ ಫೋನ್ ಮಾಡಿದಾಗ ಶಿವಪುತ್ರಪ್ಪನವರು ಓಣಿಗೆಲ್ಲ ಪೇಢೆ ಹಂಚಿ ಮುಗಿಸಿದ್ದರು. ಅದರ ಮುಂದಿನ ವಾರ ಅವರ ವೀಸಾ ಆಯಿತು. ಸೆಪ್ಟೆಂಬರ್ ಕೊನೆಯಲ್ಲಿ ಗಂಡ ಹೆಂಡತಿ ಇಬ್ಬರೂ ವಿಮಾನ ಇಳಿದೇಬಿಟ್ಟರು. ಗುರವ್ವನವರ ಚೀಲದಲ್ಲಿ ಶೇಂಗಾ ಹೋಳಿಗೆ ಇತ್ತು. ಶಿವಪುತ್ರಪ್ಪನವರ ಕೈಯಲ್ಲಿ ಬೋಟಿಗೆ ಕಟ್ಟಲೆಂದೇ ಮಾಡಿಸಿ ತಂದ ಒಂದು ಹಿತ್ತಾಳೆ ಗಂಟೆ ಇತ್ತು.

ಇಷ್ಟು ಮನೆಯೊಳಗೇ ಉಳಿದಿದ್ದರೆ ಹೇಗೋ ಸುಧಾರಿಸಬಹುದಿತ್ತು. ಆದರೆ ನವರಾತ್ರಿ ಬಂತು. ಕನ್ನಡ ಸಂಘದ ಕಾರ್ಯದರ್ಶಿ ಲಕ್ಷ್ಮೀನಾರಾಯಣನ ಮನೆಗೆ ಗೊಂಬೆ ನೋಡಲು ಹೋದರು. ಲಕ್ಷ್ಮೀನಾರಾಯಣ ಸುದ್ದಿಯನ್ನು ಒಬ್ಬನೇ ಇಟ್ಟುಕೊಂಡರೆ ಅಜೀರ್ಣವಾಗುವ ಮನುಷ್ಯ. ಅವನ ಹೆಂಡತಿ ಜಯದೇವಿಗೆ ಜೀರ್ಣಶಕ್ತಿ ಇನ್ನೂ ಕಡಿಮೆ. ಅವರ ಸೋಫಾದಲ್ಲಿ ಕುಳಿತು, ಕೋಸಂಬರಿ ತಿನ್ನುತ್ತ, ಶಿವಪುತ್ರಪ್ಪನವರು ಅಳಿಯನ ಬೋಟಿನ ವರ್ಣನೆ ಮಾಡಿದರು. ಮೋಹನರಾಜ ಗೊಂಬೆಗಳ ಕಡೆ ಮುಖ ಮಾಡಿಕೊಂಡು ನಿಂತಿದ್ದ. ಮರುದಿನ ಸಂಜೆಯ ಹೊತ್ತಿಗೆ ಡಾಲಸ್‌ನ ಕನ್ನಡಿಗರಲ್ಲಿ ಅವನಿಗೆ ಒಂದು ಬೋಟಿತ್ತು, ಆಸ್ಟಿನ್‌ನಲ್ಲಿ ಒಂದು ಹಡಗಿತ್ತು, ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್ ಮುಟ್ಟುವಷ್ಟರಲ್ಲಿ ಅವನು ಕೆರೆಯನ್ನೇ ಕೊಂಡುಕೊಂಡಿದ್ದ.

"ಅಲ್ರೀ ಮೋಹನ್, ಆಯುಧಪೂಜೆ ಬಂತು, ಬೋಟಿಗೆ ಪೂಜೆ ಆಗಿದೆ ತಾನೇ?" ಎಂದು ಗೊಂಬೆ ನೋಡಲು ಹೋದ ದಿನವೇ ಲಕ್ಷ್ಮೀನಾರಾಯಣ ಎಲ್ಲರ ಮುಂದೆ ಕೇಳಿದ್ದ.

"ಇಲ್ಲ," ಎಂದಿದ್ದ ಮೋಹನರಾಜ. ಬೋಟಿನ ವಿಷಯದಲ್ಲಿ ಅವನು ಆಡಿದ ಮೊದಲ ನಿಜ ಅದು. ನಿಜ ಆಡಿದ್ದಕ್ಕೆ ತಕ್ಕ ಶಿಕ್ಷೆಯೂ ಆಯಿತು. ಶನಿವಾರ ಬೆಳಿಗ್ಗೆ ಕೆರೆಯ ದಡದಲ್ಲಿ ಪೂಜೆ ಎಂದು ಅಲ್ಲೇ ತೀರ್ಮಾನವಾಯಿತು.

ಮನೆಗೆ ಬಂದ ಮೇಲೆ ಅನುಸೂಯಾ ಅಡಿಗೆಮನೆಯಲ್ಲಿ ಗಂಡನನ್ನು ನಿಲ್ಲಿಸಿಕೊಂಡಳು. "ಆ ಡ್ವೇನ್ ಸಹಿ ಹಾಕಿದ್ರ ಅಷ್ಟ ನಮ್ಮ ಗ್ರೀನ್ ಕಾರ್ಡ್ ಅರ್ಜಿ ಮುಂದ ಹೋಗೋದು. ಆಫೀಸ್ನ್ಯಾಗ ದಿನಾ ಒಬ್ಬೊಬ್ಬರನ್ನ ಮನೀಗೆ ಕಳಸಾಕತ್ತಾರ. ನೀವು ಅವನ ಬೋಟಿಗೆ ಕುಂಕುಮ ಹಚ್ಚಾಕ ಹೊಂಟೀರಿ."

"ಮುಟ್ಟೋದೇ ಇಲ್ಲ ಅನು. ದೂರದಿಂದ ತೋರಿಸ್ತೀನಿ, ದೂರದಿಂದಲೇ ಮಂಗಳಾರತಿ ಎತ್ತಿ ವಾಪಸ್. ಶನಿವಾರ ಟೆಕ್ಸಾಸ್ಗೂ ಓಕ್ಲಹೋಮಾಗೂ ಫುಟ್‌ಬಾಲ್ ಮ್ಯಾಚ್. ಮನೆಗೆ ಬೆಂಕಿ ಬಿದ್ರೂ ಡ್ವೇನ್ ಟಿ.ವಿ. ಬಿಟ್ಟು ಏಳಲ್ಲ."

"ಶನಿವಾರ ಸಂಜೀಯೊಳಗ ನೀವು ಅಪ್ಪಗ ಖರೇ ಹೇಳಬೇಕು. ಇಲ್ಲಾಂದ್ರ ನಾ ಹೇಳ್ತೀನಿ."

ಮೋಹನರಾಜ ಒಪ್ಪಿದ. ಶನಿವಾರ ಸಂಜೆ ಎಂಬುದು ಅವನಿಗೆ ಆಗ ತುಂಬ ದೂರದಲ್ಲಿರುವಂತೆ ಕಂಡಿತು.

ಶನಿವಾರ ಕೆರೆಯ ದಡದಲ್ಲಿ ಕಾರು ನಿಲ್ಲಿಸಿದಾಗ ಅಲ್ಲಾಗಲೇ ಏಳೆಂಟು ಕಾರುಗಳು ಬಂದು ನಿಂತಿದ್ದವು. ಲಕ್ಷ್ಮೀನಾರಾಯಣ ವಿಡಿಯೋ ಕ್ಯಾಮರಾ ಹೆಗಲಿಗೇರಿಸಿಕೊಂಡಿದ್ದ. ಜಯದೇವಿ ಪುಳಿಯೋಗರೆಯ ದೊಡ್ಡ ಡಬ್ಬಿ ತಂದಿದ್ದಳು. ಹೆಂಗಸರು ರೇಷ್ಮೆ ಸೀರೆಯಲ್ಲಿದ್ದರು. ಅವರ ಪಕ್ಕದಲ್ಲೇ ಚಡ್ಡಿಯಲ್ಲಿದ್ದ ಅಮೆರಿಕನ್ನರು ತಂತಮ್ಮ ಬೋಟುಗಳಿಗೆ ಬಿಯರ್ ತುಂಬುತ್ತಿದ್ದರು. ಎರಡು ಗುಂಪೂ ಒಂದನ್ನೊಂದು ಗೌರವದಿಂದ ನೋಡಿ ಸುಮ್ಮನಾದವು.

ಶಿವಪುತ್ರಪ್ಪನವರು ಮಾತ್ರ ನೀರನ್ನೇ ನೋಡುತ್ತಿದ್ದರು. "ಅಳಿಯಂದ್ರ, ಇದು ಕೆರಿ ಅಲ್ರಿ, ಇದು ಜಲಾಶಯ. ಆ ಕಡಿ ಡ್ಯಾಮ್ ಕಾಣಸ್ತೈತಿ. ಇದರಿಂದ ಎಷ್ಟು ಎಕರೆ ನೀರಾವರಿ ಆಗತೈತಿ?"

"ನೀರಾವರಿ ಇಲ್ಲ ಮಾವ. ಪ್ರವಾಹ ತಡೆಯೋಕೆ, ಕುಡಿಯೋಕೆ. ಉಳಿದಿದ್ದು... ಆಟಕ್ಕೆ."

"ಆಟಕ್ಕ?" ಅವರು ಅಳಿಯನ ಮುಖ ನೋಡಿದರು. ಆಗಲೇ ಒಬ್ಬ ಹುಡುಗ ಬೋಟಿನ ಹಿಂದೆ ಹಗ್ಗ ಹಿಡಿದು, ನೀರಿನ ಮೇಲೆ ಹಲಗೆಯಲ್ಲಿ ಜಾರುತ್ತ ಬಂದು, ಅವರ ಕಣ್ಣ ಮುಂದೆಯೇ ತಲೆಕೆಳಗಾಗಿ ಬಿದ್ದು, ಮತ್ತೆ ಎದ್ದು ಕೇಕೆ ಹಾಕಿದ. "ಇಷ್ಟು ನೀರು, ಒಂದ ಒಂದು ಕಾಲುವಿ ಇಲ್ದ, ಬರೇ ಬೀಳಾಕ ಇಟ್ಟಾರ?" ಮೂವತ್ತು ವರ್ಷ ಕಾಲುವೆ ಕಡಿಸಿದ ಜೀವಕ್ಕೆ ಆ ಮಾತನ್ನು ನುಂಗಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

"ಬೋಟ್ ಎಲ್ರೀ?" ಲಕ್ಷ್ಮೀನಾರಾಯಣ ಕೇಳಿದ.

ಮೋಹನರಾಜ ಆದಷ್ಟು ದೂರದಿಂದ ಬೆರಳು ತೋರಿಸಿದ. ಬೋಟುಗಳನ್ನು ಕಟ್ಟಲು ನೀರಿನ ಮೇಲೆ ಹಾಕಿರುವ ಮರದ ಅಟ್ಟಕ್ಕೆ ಅಲ್ಲಿ ಡಾಕ್ ಎನ್ನುತ್ತಾರೆ. ಡಾಕಿನ ತುದಿಯಲ್ಲಿ ನೀಲಿ ಪಟ್ಟೆಯ ಬಿಳಿ ಬೋಟು ಮೂತಿಯನ್ನು ಈ ಕಡೆ ಮಾಡಿಕೊಂಡು ತೂಗಾಡುತ್ತಿತ್ತು. "ಅದೇ. ನೋಡಿ ಆಯ್ತಲ್ಲ? ಇಲ್ಲಿಂದಲೇ ಕರ್ಪೂರ ಹಚ್ಚಿಬಿಡೋಣ, ಗಾಳಿ ಬೇರೆ ಇದೆ..."

ಮಾತು ಮುಗಿಯುವಷ್ಟರಲ್ಲಿ ಇಡೀ ಕನ್ನಡ ಸಂಘ ಡಾಕಿನ ಮೇಲಿತ್ತು.

ಮುಂದಿನದೆಲ್ಲ ಬಹಳ ಬೇಗ ನಡೆಯಿತು. ಗುರವ್ವನವರು ಬೋಟಿನ ಮೂತಿಗೆ ಅರಿಶಿನ ಕುಂಕುಮ ಹಚ್ಚಿದರು. ಒಂದು ಬೊಟ್ಟು ಅಲ್ಲ, ಐದು ಬೆರಳಿನದು. ಜಯದೇವಿ ಚೆಂಡುಹೂವಿನ ಮಾಲೆ ಹಾಕಿದಳು. ಶಿವಪುತ್ರಪ್ಪನವರು ಸ್ಟಿಯರಿಂಗ್ ಮೇಲಿನ ಕಂಬಿಗೆ ಗಂಟೆ ಕಟ್ಟಿದರು. ಮೋಹನರಾಜ ಪ್ರತಿಯೊಂದಕ್ಕೂ "ಬೇಡ ಮಾವ, ಬೇಡ ಅತ್ತೆ, ಕಲೆಯಾಗತ್ತೆ" ಎನ್ನುತ್ತಿದ್ದ. "ಹೊಸಾದು ನೋಡ್ರಿ, ಜೀವ ಭಾಳ," ಎಂದು ಗುರವ್ವನವರು ನಕ್ಕರು.

ದೃಷ್ಟಿ ತೆಗೆಯಲು ಬೂದುಗುಂಬಳಕಾಯಿ ಅರ್ವಿಂಗಿನ ಅಂಗಡಿಗಳಲ್ಲಿ ಸಿಕ್ಕಿರಲಿಲ್ಲ. ಆದರೆ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದಲ್ಲಿ ಕುಂಬಳಕಾಯಿಗೆ ಬರವೇ? ಶಿವಪುತ್ರಪ್ಪನವರು ಚೀಲದಿಂದ ಕೇಸರಿ ಬಣ್ಣದ ಒಂದು ಭಾರಿ ಕಾಯಿ ತೆಗೆದರು.

"ಅಜ್ಜಾ! ದಟ್ಸ್ ಮೈ ಹ್ಯಾಲೋವೀನ್ ಪಂಪ್ಕಿನ್!" ಶ್ರಾವಣಿ ಚೀರಿದಳು.

"ಮತ್ತೊಂದು ಕೊಡಸ್ತೀನಿ ತಂಗೀ," ಎಂದು ಅವರು ಅದರ ತಲೆ ಕೊರೆದು, ಒಳಗೆ ಕುಂಕುಮದ ನೀರು ತುಂಬಿ, ಬೋಟಿಗೆ ಮೂರು ಸಲ ನಿವಾಳಿಸಿ, ಎತ್ತಿ ಡಾಕಿನ ಮೇಲೆ ಅಪ್ಪಳಿಸಿದರು. ಕೆಂಪು ನೀರು ಎಂಟೂ ದಿಕ್ಕಿಗೆ ಚಿಮ್ಮಿತು. ಪಕ್ಕದ ಡಾಕಿನಲ್ಲಿ ಮೀನು ಹಿಡಿಯುತ್ತ ಕುಳಿತಿದ್ದ ಒಬ್ಬ ಮುದುಕ ಕೈಯಲ್ಲಿದ್ದ ಗಾಳದ ಕೋಲನ್ನು ಕೆಳಗಿಟ್ಟ. ಹೆಣದ ಭಾಗ ಯಾವುದಾದರೂ ಕಾಣುವುದೇನೋ ಎಂದು ಕುತ್ತಿಗೆ ಚಾಚಿ ನೋಡಿದ. ಆಮೇಲೆ ಜೇಬಿನಿಂದ ಫೋನ್ ತೆಗೆದ.

"ಆಯ್ತಲ್ಲ? ಹೊರಡೋಣ್ವಾ?" ಮೋಹನರಾಜ ಕೇಳಿದ.

"ನಿಂಬಿಹಣ್ಣು?" ಎಂದರು ಶಿವಪುತ್ರಪ್ಪನವರು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರಾದರೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಮುಂದೆ ಓಡಿಸಿದರೆ ಮುಗಿಯಿತು. ಬೋಟಿಗೆ ಗಾಲಿ ಎಲ್ಲಿದೆ? ಸಂಘದವರಲ್ಲಿ ಚರ್ಚೆ ಶುರುವಾಯಿತು. ನೀರಿಗೇ ಹಾಕಿದರೆ ಸಾಕು ಎಂದು ಒಬ್ಬರು. ಒಡೆಯದಿದ್ದರೆ ಫಲವಿಲ್ಲ ಎಂದು ಇನ್ನೊಬ್ಬರು. ಕೊನೆಗೆ ಇಂಜಿನಿಯರೇ ದಾರಿ ಕಂಡುಹಿಡಿದರು. ನಿಂಬೆಹಣ್ಣನ್ನು ಡಾಕಿನ ಅಂಚಿಗೆ ದಾರದಿಂದ ಕಟ್ಟುವುದು. ಬೋಟಿನ ಹಗ್ಗ ಬಿಚ್ಚಿ ಒಂದು ಮೊಳ ಹಿಂದಕ್ಕೆ ತಳ್ಳುವುದು. ಅದು ತೂಗಿಕೊಂಡು ತಾನಾಗಿಯೇ ಮುಂದೆ ಬಂದು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡುತ್ತದೆ. ತಾವು ಗಂಡ ಹೆಂಡತಿ ಇಬ್ಬರೂ ಒಳಗೆ ಕುಳಿತರೆ ತೂಕಕ್ಕೆ ತೂಕವೂ ಆಯಿತು, ಹಿರಿಯರ ಆಶೀರ್ವಾದವೂ ಆಯಿತು.

"ಮಾವ, ಹಗ್ಗ ಬಿಚ್ಚೋದು ಬೇಡ..."

"ಸರ್, ಸ್ವಲ್ಪ ಈ ಕಡೆ ನೋಡಿ, ನಗಿ," ಎಂದ ಲಕ್ಷ್ಮೀನಾರಾಯಣ ಕ್ಯಾಮರಾದೊಳಗಿಂದ. "ಮೋಹನ್, ತಳ್ಳಿ! ಓನರ್ ತಾನೇ ತಳ್ಬೇಕು!"

ಮೋಹನರಾಜ ಹೆಂಡತಿಯ ಕಡೆ ನೋಡಿದ. ಅವಳು 'ಈಗ ಹೇಳ್ರಿ' ಎಂಬಂತೆ ಹುಬ್ಬು ಹಾರಿಸಿದಳು. ಹೇಳಲು ಅದು ನಿಜಕ್ಕೂ ಒಳ್ಳೆಯ ಹೊತ್ತಾಗಿತ್ತು. ಅವನು ಬಾಯಿ ತೆರೆದ. ಅತ್ತೆ ಮಾವ ಬೋಟಿನಲ್ಲಿ ಜೋಡಿಯಾಗಿ ಕುಳಿತು, ಮದುವೆಯ ದಿನದ ಫೋಟೋದಲ್ಲಿರುವಂತೆ ಕೈಕಟ್ಟಿಕೊಂಡು ಅವನನ್ನೇ ನೋಡುತ್ತಿದ್ದರು. ಅವನು ಬಾಯಿ ಮುಚ್ಚಿ, ಬೋಟನ್ನು ತಳ್ಳಿದ.

ಬೋಟು ಒಂದು ಮೊಳ ಹಿಂದೆ ಹೋಯಿತು. ಎರಡು ಮೊಳ ಹೋಯಿತು. ತೆಂಕಣದಿಂದ ಬೀಸುವ ಹುಲ್ಲುಗಾವಲಿನ ಗಾಳಿಗೆ ನಿಂಬೆಹಣ್ಣಿನ ಶಾಸ್ತ್ರ ಗೊತ್ತಿರಲಿಲ್ಲ. ಅದು ಬೋಟನ್ನು ಮೆಲ್ಲಗೆ ಡಾಕಿನಿಂದ ಹೊರಗೆಳೆದು, ಅಡ್ಡ ತಿರುಗಿಸಿ, ಕೆರೆಯ ನಡುವಿಗೆ ನಡೆಸಿಕೊಂಡು ಹೊರಟಿತು.

"ಸಾಕ್ರಿ, ಈಗ ಮುಂದ ಬರ್ಲಿ!" ಎಂದು ಕೂಗಿದರು ಶಿವಪುತ್ರಪ್ಪನವರು.

ಅದು ಮುಂದೆ ಬರಲಿಲ್ಲ. ಇಂಜಿನ್ನಿನ ಕೀಲಿ ಸೌತ್‌ಲೇಕ್‌ನಲ್ಲಿ ಡ್ವೇನ್‌ನ ಮನೆಯಲ್ಲಿತ್ತು. ಗಾಳಿಗೆ ಗಂಟೆ ತಾನಾಗಿಯೇ ಹೊಡೆದುಕೊಳ್ಳುತ್ತ ದೂರ ದೂರ ಹೋಯಿತು.

ಡಾಕಿನ ಮೇಲೆ ಗದ್ದಲವೆದ್ದಿತು. "ಹಾರಿ! ಯಾರಾದ್ರೂ ಹಾರಿ!" ಎಂದು ಈಜು ಬಾರದವರೆಲ್ಲ ಒಬ್ಬರಿಗೊಬ್ಬರು ಹೇಳಿದರು. ಜಯದೇವಿ ಕಣ್ಣು ಮುಚ್ಚಿ ಸ್ತೋತ್ರ ಹಿಡಿದಳು. ಲಕ್ಷ್ಮೀನಾರಾಯಣ ಕ್ಯಾಮರಾ ನಿಲ್ಲಿಸಲಿಲ್ಲ. ಮೋಹನರಾಜ ಪ್ಯಾಂಟು ಮಡಚಿಕೊಂಡು ಮೆಟ್ಟಿಲ ಮೇಲೆ ಒಂದು ಕಾಲು ನೀರಿಗಿಟ್ಟ, ತಣ್ಣಗಿದೆಯೆಂದು ತೆಗೆದ, ನಾಚಿಕೆಯಾಗಿ ಮತ್ತೆ ಇಟ್ಟ. ಅನುಸೂಯಾ ಅವನ ಕಾಲರ್ ಹಿಡಿದು ಮೇಲಕ್ಕೆಳೆದಳು. "ನೀವೂ ಹೋಗಬ್ಯಾಡ್ರಿ! ನಿಮ್ಮನ್ನ ಹುಡುಕಾವರು ಬ್ಯಾರೆ ಬೇಕು!" ಎಂದಳು. ದೂರದಲ್ಲಿ ಶಿವಪುತ್ರಪ್ಪನವರು ಕೈ ಎತ್ತಿ ಬೀಸುತ್ತಿದ್ದುದು ಕಾಣುತ್ತಿತ್ತು. "ಅಪ್ಪ ಕರಿಯಾಕತ್ತಾನ," ಎಂದು ಅವಳು ಅತ್ತೇಬಿಟ್ಟಳು. ಮೋಹನರಾಜನಿಗೆ ಗ್ರೀನ್ ಕಾರ್ಡು, ಡ್ವೇನು, ಕುಂಕುಮದ ಕಲೆ ಎಲ್ಲ ಮರೆತುಹೋಗಿ, ಆ ಎರಡು ಮುದಿಜೀವಗಳು ದಡಕ್ಕೆ ಬಂದರೆ ಸಾಕು ಎನಿಸಿತು.

ಅಷ್ಟರಲ್ಲಿ ಜೀಪೊಂದು ಬಂದು ನಿಂತಿತು. ಅದರಿಂದ ಆರಡಿ ಎತ್ತರದ ಒಬ್ಬ ಮಹಿಳಾ ರೇಂಜರ್ ಇಳಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಡಾಕಿನ ತುಂಬ ಹರಡಿದ್ದ ಕೆಂಪನ್ನು ನೋಡಿದಳು. ಆಮೇಲೆ ರೇಷ್ಮೆ ಸೀರೆಗಳನ್ನು ನೋಡಿದಳು. ಪಕ್ಕದ ಮುದುಕನ ದೂರಿನ ಪ್ರಕಾರ ಅಲ್ಲಿ ಯಾರನ್ನೋ ಕೊಂದು, ಹಾಡು ಹೇಳಿ, ಇಬ್ಬರು ವೃದ್ಧರನ್ನು ಕೆರೆಗೆ ಬಲಿ ಕೊಡಲಾಗಿತ್ತು.

"ಯಾರ ರಕ್ತ ಇದು?"

"ಇಟ್ಸ್ ಮೈ ಪಂಪ್ಕಿನ್," ಎಂದಳು ಶ್ರಾವಣಿ ಅಳುಮುಖ ಮಾಡಿ. ಆ ದಿನ ಆ ಡಾಕಿನ ಮೇಲೆ ಪೂರ್ತಿ ನಿಜ ಹೇಳಿದವಳು ಅವಳೊಬ್ಬಳೇ. ಬೋಟಿನಲ್ಲಿರುವವರು ಯಾರು, ಹೇಗೆ ಹೋದರು ಎಂಬುದನ್ನೂ ಅವಳೇ ಹೇಳಿದಳು. ನಿಂಬೆಹಣ್ಣಿನ ಭಾಗವನ್ನು ರೇಂಜರ್ ಎರಡು ಸಲ ಹೇಳಿಸಿ ಕೇಳಿಕೊಂಡಳು. ಆಮೇಲೆ ದುರ್ಬೀನಿನಲ್ಲಿ ಬೋಟಿನ ಮೈಮೇಲಿನ ನಂಬರ್ ಓದಿ ವೈರ್‌ಲೆಸ್‌ನಲ್ಲಿ ಯಾರಿಗೋ ತಿಳಿಸಿ, ಬೋಟಿನ ಮಾಲೀಕರ ಮನೆಗೆ ಫೋನ್ ಮಾಡಲು ಹೇಳಿ, ದಡದಲ್ಲಿ ಕಟ್ಟಿದ್ದ ಇಲಾಖೆಯ ಬೋಟು ಹತ್ತಿ ಹೊರಟಳು.

ಮಾಲೀಕರ ಮನೆ ಎಂಬ ಮಾತು ಕೇಳಿ ಮೋಹನರಾಜ ಡಾಕಿನ ಮೇಲೆಯೇ ಕುಳಿತುಬಿಟ್ಟ, ಕುಂಬಳಕಾಯಿಯ ಹೋಳುಗಳ ನಡುವೆ.

ಸ್ವಲ್ಪ ಹೊತ್ತಿಗೆ ರೇಂಜರ್ ಬೋಟನ್ನು ಎಳೆದುಕೊಂಡು ಬಂದಳು. ಶಿವಪುತ್ರಪ್ಪನವರು ಮಂತ್ರಿಗಳ ಹಾಗೆ ನಿಂತು ಈಗಲೂ ಕೈ ಬೀಸುತ್ತಿದ್ದರು. ಅವರು ಬೀಸುತ್ತಿದ್ದುದು ಸಹಾಯಕ್ಕಲ್ಲ, ಸುತ್ತಲಿನ ಬೋಟುಗಳ ಜನ ಕೈ ಬೀಸಿದರೆಂದು ಮರ್ಯಾದೆಗೆ ತಾವೂ ಬೀಸಿದ್ದು. ರೇಂಜರಳ ಹಣೆಯಲ್ಲಿ ಕುಂಕುಮವಿತ್ತು, ಕೈಯಲ್ಲಿ ಅರ್ಧ ತಿಂದ ಶೇಂಗಾ ಹೋಳಿಗೆ ಇತ್ತು.

"ಭಾಳ ಚಲೋ ಆತ್ರಿ!" ಎಂದರು ಶಿವಪುತ್ರಪ್ಪನವರು ಇಳಿಯುತ್ತಲೇ. "ಡ್ಯಾಮ್ ಪೂರಾ ನೋಡಿ ಬಂದ್ವಿ. ಅಮ್ಮಾವ್ರು ಖುದ್ದು ಬಂದು ಕರ್ಕೊಂಡ್ ಬಂದ್ರು. ಎಂಥಾ ವ್ಯವಸ್ಥಾ!"

ಅನುಸೂಯಾ ತಂದೆಯನ್ನು ತಬ್ಬಿಕೊಂಡಳು, ತಾಯಿಯನ್ನು ತಬ್ಬಿಕೊಂಡಳು. ಮೋಹನರಾಜನಿಗೂ ತಬ್ಬಿಕೊಳ್ಳಬೇಕೆನಿಸಿತು. ಆದರೆ ರೇಂಜರ್ ಮುಂದೆ ನಿಂತಿದ್ದಳು. ಲೈಫ್ ಜಾಕೆಟ್ ಇಲ್ಲದೆ ಹಿರಿಯರನ್ನು ಕೂರಿಸಿದ್ದು, ಕೀಲಿಯಿಲ್ಲದೆ ಬೋಟು ಬಿಟ್ಟದ್ದು, ಡಾಕಿನ ಮೇಲೆ ತರಕಾರಿ ಒಡೆದದ್ದು, ಒಂದೊಂದನ್ನೂ ಬೆರಳು ಮಡಚಿ ಹೇಳಿ, ಕೊನೆಗೆ ಕೇಳಿದಳು. "ಈ ಬೋಟು ಯಾರದು?"

"ಮೈ ಸನ್ ಇನ್ ಲಾ!" ಎಂದರು ಶಿವಪುತ್ರಪ್ಪನವರು ಎದೆಯುಬ್ಬಿಸಿ. ಅವರಿಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಅದಕ್ಕಿಂತ ಸ್ಪಷ್ಟವಾದ ವಾಕ್ಯ ಮತ್ತೊಂದಿರಲಿಲ್ಲ.

"ಅಲ್ಲ," ಎನ್ನಬೇಕೆಂದು ಮೋಹನರಾಜ ನಿರ್ಧರಿಸಿದ. ಈ ಸಲ ನಿಜಕ್ಕೂ ನಿರ್ಧರಿಸಿದ. ಬಾಯಿ ತೆರೆದ. ಆಗ ಹಿಂದೆ ಕಾರಿನ ಬಾಗಿಲು ಎರಡು ಸಲ ಬಡಿದ ಸದ್ದಾಯಿತು.

ಒಂದು ಬಾಗಿಲಿನಿಂದ ಇಳಿದವನು ಡ್ವೇನ್, ತನ್ನ ತಂಡದ ಕಿತ್ತಳೆ ಬಣ್ಣದ ಅಂಗಿಯಲ್ಲಿ, ಕೈಯಲ್ಲಿ ಇನ್ನೂ ಟಿ.ವಿ. ರಿಮೋಟು. ಇನ್ನೊಂದರಿಂದ ಇಳಿದವಳು ಅವನ ಹೆಂಡತಿ ಮಾರ್ಲೀನ್. ಮೇ ತಿಂಗಳಲ್ಲಿ ಅವಳು ಹ್ಯೂಸ್ಟನ್‌ನ ತಂಗಿಯ ಮನೆಗೆ ಹೋಗಿದ್ದರಿಂದ ಪಿಕ್ನಿಕ್ಕಿಗೆ ಬಂದಿರಲಿಲ್ಲ. ರೇಂಜರ್ ಹೇಳಿ ಮಾಡಿಸಿದ ಫೋನನ್ನು ಎತ್ತಿದ್ದು ಅವಳೇ. ಅವಳು ಗಂಡನನ್ನು ಮುಂದೆ ಬಿಟ್ಟುಕೊಂಡು ಡಾಕಿನ ಮೇಲೆ ದಡದಡ ನಡೆದು ಬಂದಳು. ಮೋಹನರಾಜನನ್ನಾಗಲಿ, ಕೆಂಪನ್ನಾಗಲಿ, ಮಾಲೆಯನ್ನಾಗಲಿ ನೋಡಲಿಲ್ಲ. ನೇರವಾಗಿ ಬೋಟಿನ ಮುಂದೆ ನಿಂತಳು.

"ಡ್ವೇನ್, ಹೋದ ಚಳಿಗಾಲದಲ್ಲಿ ನೀನು ನನ್ನ ಅಪ್ಪ ಅಮ್ಮನನ್ನು ಈ ಬೋಟಿನಲ್ಲಿ ಕೂರಿಸಿಕೊಂಡು ಹೋಗಿ ಮರಳುದಿಬ್ಬಕ್ಕೆ ಹತ್ತಿಸಿ ರಾತ್ರಿಯವರೆಗೆ ಕೂರಿಸಿದೆ. ಬೋಟು ಇರಬೇಕು ಇಲ್ಲ ನಾನು ಇರಬೇಕು ಎಂದು ನಾನು ಹೇಳಿದೆ. ಮಾರಿಬಿಟ್ಟೆ ಎಂದು ನೀನು ಹೇಳಿದೆ. ಈಗ ಹೇಳು, ಇದು ಯಾರ ಬೋಟು?"

ಡ್ವೇನ್ ಬೋಟನ್ನು ನೋಡಿದ, ಕುಂಕುಮ ನೋಡಿದ, ಗಂಟೆ ನೋಡಿದ. ಕೊನೆಗೆ ಮೋಹನರಾಜನನ್ನು ನೋಡಿದ. ಆಫೀಸಿನಲ್ಲಿ ಹತ್ತು ಜನರನ್ನು ಮನೆಗೆ ಕಳಿಸಿದ ಆ ದೊಡ್ಡ ಮುಖದಲ್ಲಿ ಮೋಹನರಾಜನಿಗೆ ತನಗೆ ಚೆನ್ನಾಗಿ ಪರಿಚಯವಿದ್ದ ಒಂದು ಭಾವ ಕಂಡಿತು. ಬೆಳಿಗ್ಗೆ ಕನ್ನಡಿಯಲ್ಲಿ ಅದನ್ನೇ ಅವನು ನೋಡಿದ್ದ.

"ಮೋಹನ್‌ನದು," ಎಂದ ಡ್ವೇನ್. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದ. "ಇದು ಮೋಹನ್‌ನ ಬೋಟು. ನಾನು ಅವನಿಗೇ ಮಾರಿದ್ದು. ಹೆಸರು ಬದಲಾಯಿಸುವ ಕಾಗದಪತ್ರ ಇನ್ನೂ ಆಗಿಲ್ಲ, ಅಷ್ಟೆ. ಅಲ್ವಾ ಮೋಹನ್?"

ಎಲ್ಲರೂ ಮೋಹನರಾಜನ ಕಡೆ ತಿರುಗಿದರು. ಅನುಸೂಯಾ ಕಣ್ಣೊರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು.

"ಯೆಸ್," ಎಂದ ಮೋಹನರಾಜ. ಅಷ್ಟು ಹಗುರವಾಗಿ ಅವನು ಆ ಪದವನ್ನು ಜೀವನದಲ್ಲಿ ಎಂದೂ ಆಡಿರಲಿಲ್ಲ.

ಮಾರ್ಲೀನ್ ಗಂಡನ ಮುಖವನ್ನೂ ಮೋಹನರಾಜನ ಮುಖವನ್ನೂ ಎರಡೆರಡು ಸಲ ನೋಡಿದಳು. ಆಮೇಲೆ ಬೋಟಿನ ಮೇಲಿದ್ದ ಐದು ಬೆರಳಿನ ಕುಂಕುಮವನ್ನು, ಮಾಲೆಯನ್ನು, ಗಂಟೆಯನ್ನು ನೋಡಿದಳು. ಬೇರೆಯವರ ಬೋಟಿಗೆ ಇಷ್ಟೆಲ್ಲ ಯಾರು ಮಾಡುತ್ತಾರೆ? ಅವಳ ಭುಜ ಇಳಿಯಿತು. "ಓ, ಹನೀ," ಎಂದು ಗಂಡನ ಕೆನ್ನೆ ಸವರಿದಳು. "ನಾನು ನಿನ್ನನ್ನು ಅನುಮಾನಿಸಿಬಿಟ್ಟೆ." ಡ್ವೇನ್ ಕರವಸ್ತ್ರ ಹುಡುಕಿದ. ಸಿಕ್ಕದೆ ರಿಮೋಟಿನಿಂದಲೇ ಹಣೆ ಒರೆಸಿಕೊಂಡ.

ರೇಂಜರ್ ಮೋಹನರಾಜನಿಗೆ ಕಾಗದಪತ್ರ ಬೇಗ ಮುಗಿಸಲು ಹೇಳಿ, ಎಚ್ಚರಿಕೆ ಕೊಟ್ಟು, ಬೋಟು ನಡೆಸುವ ತರಗತಿಗೆ ಸೇರಲು ತಾಕೀತು ಮಾಡಿ, ಡಾಕ್ ತೊಳೆಸಿ, ಇನ್ನೆರಡು ಹೋಳಿಗೆ ಕಟ್ಟಿಸಿಕೊಂಡು ಹೋದಳು. ಜಯದೇವಿ ಎಲ್ಲರಿಗೂ ಪುಳಿಯೋಗರೆ ಬಡಿಸಿದಳು. ಗುರವ್ವನವರು ಮಾರ್ಲೀನಳ ಕೈಗೆ ಒಂದು ಡಜನ್ ಹಸಿರು ಬಳೆ ತೊಡಿಸಿದರು. ಗಾಳದ ಮುದುಕನೂ ಬಂದು ಒಂದು ತಟ್ಟೆ ತಿಂದು, ಕೊಲೆ ಆಗದಿದ್ದುದಕ್ಕೆ ಸ್ವಲ್ಪ ಬೇಸರದಿಂದಲೇ, ತನ್ನ ಜಾಗಕ್ಕೆ ಹೋಗಿ ಕುಳಿತ.

ಸಂಜೆ ಮನೆಯಲ್ಲಿ ಚಹಾ ಕುಡಿಯುವಾಗ ಅನುಸೂಯಾ ಗಂಡನ ಕಡೆ ನೋಡಿದಳು. ಹೊರಗೆ ಬೆಳಕು ಇನ್ನೂ ಇತ್ತು. ಮೋಹನರಾಜ ಲೋಟ ಕೆಳಗಿಟ್ಟು, ನೇರ ಕುಳಿತು, ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

"ಮಾವ, ಆ ಬೋಟು ನಂದಲ್ಲ. ಡ್ವೇನ್‌ದು. ನಾನು ಕೊಂಡ್ಕೊಂಡೇ ಇಲ್ಲ. ಫೋನಲ್ಲಿ ನೀವು ಕೇಳ್ದಾಗ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ತಪ್ಪಾಯ್ತು."

ಶಿವಪುತ್ರಪ್ಪನವರು 'ಸೊರ್' ಎಂದು ಚಹಾ ಎಳೆದು, ಅಳಿಯನ ಮುಖವನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣು ತುಂಬಿಬಂತು.

"ಕೇಳಿದ್ಯಾ ಗುರವ್ವಾ? ಮಾರಿದ ಮನಷ್ಯಾ ಬಂದು ಸರಕಾರದವರ ಮುಂದ ಸಾಕ್ಷಿ ಹೇಳಿ ಹೋದ. ಆದ್ರೂ ಇವರು ನಂದಲ್ಲ ಅಂತಾರ. ಇಷ್ಟು ದೊಡ್ಡ ಮಂದಿ ಆದ ಮ್ಯಾಲೂ ಒಂದೀಟು ಗರ್ವ ಇಲ್ಲ ನೋಡ."

"ಇಲ್ಲ ಮಾವ, ಖಂಡಿತ ನಂದಲ್ಲ..."

"ಆತ್ರಿ, ನಿಮ್ಮದಲ್ಲ. ಎಲ್ಲಾ ದೇವರದ," ಎಂದು ಅವರು ಅಳಿಯನ ಬೆನ್ನು ತಟ್ಟಿದರು.

ಅನುಸೂಯಾ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ ಪಾತ್ರೆ ಬಿದ್ದ ಸದ್ದೂ, ಅದನ್ನೂ ಮೀರಿದ ಅವಳ ನಗುವೂ ಕೇಳಿಸಿತು. ಮೋಹನರಾಜ ಸೋಫಾಕ್ಕೆ ಒರಗಿದ. ಹೇಳಬೇಕಾದ್ದನ್ನು ಹೇಳಿ ಆಗಿತ್ತು. ನಂಬದಿದ್ದರೆ ಅದು ಅವನ ಜವಾಬ್ದಾರಿಯಲ್ಲ. ಐದು ತಿಂಗಳಲ್ಲಿ ಮೊದಲ ಬಾರಿಗೆ ಅವನಿಗೆ ಹೊಟ್ಟೆ ಹಸಿಯಿತು.

ಸೋಮವಾರ ಡ್ವೇನ್ ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡ. ಇಬ್ಬರೂ ತಂತಮ್ಮ ಕಥೆ ಹೇಳಿಕೊಂಡರು. ನಿಂಬೆಹಣ್ಣಿನ ಭಾಗಕ್ಕೆ ಬಂದಾಗ ಡ್ವೇನ್ ನಗು ತಡೆಯಲಾರದೆ ಮೇಜಿನ ಮೇಲೆ ತಲೆ ಇಟ್ಟ. ಅರ್ಜಿಗೆ ಅಂದೇ ಸಹಿ ಬಿತ್ತು. ಬೋಟು ಸದ್ಯಕ್ಕೆ ಮೋಹನ್‌ನದಾಗಿಯೇ ಇರಲಿ ಎಂದು ಇಬ್ಬರೂ ಒಪ್ಪಿದರು. ಮಾರ್ಲೀನ್‌ಗೆ ನಿಜ ಹೇಳಲು ಡ್ವೇನ್ ಒಂದು ಒಳ್ಳೆಯ ದಿನ ನೋಡುತ್ತಿದ್ದಾನಂತೆ. ಮೋಹನರಾಜ ಅವನಿಗೆ ಯಾವ ಬುದ್ಧಿವಾದವನ್ನೂ ಹೇಳಲಿಲ್ಲ.

ಹಾಗಾಗಿ ನವೆಂಬರ್‌ನ ಒಂದು ಬೆಚ್ಚಗಿನ ಶನಿವಾರ, ಬೋಟು ನಡೆಸುವ ತರಗತಿ ಮುಗಿಸಿದ ಮೋಹನರಾಜ ಲೈಫ್ ಜಾಕೆಟ್ ಬಿಗಿದುಕೊಂಡು, ಹೊಸ ಮಾಲೀಕನ ಗಾಂಭೀರ್ಯದಿಂದ ಗ್ರೇಪ್‌ವೈನ್ ಕೆರೆಯಲ್ಲಿ ಆಮೆಯ ವೇಗದಲ್ಲಿ ಬೋಟು ಬಿಟ್ಟ. ಅತ್ತೆ ಮಾವ ಮುಂದಿನ ಸೀಟಿನಲ್ಲಿದ್ದರು. ಹಿಂದೆ ಅತಿಥಿಗಳಾಗಿ ಬಂದ ಡ್ವೇನ್ ಮತ್ತು ಮಾರ್ಲೀನ್. ಡ್ವೇನ್‌ನ ಬೆರಳುಗಳು ತೊಡೆಯ ಮೇಲೆ ಸ್ಟಿಯರಿಂಗ್ ತಿರುಗಿಸುತ್ತಿದ್ದವು. ಕೊನೆಗೆ ಎದ್ದು ಬಂದು, ಹೆಂಡತಿಯ ಕಡೆ ಒಮ್ಮೆ ನೋಡಿ, ಮೆತ್ತಗೆ ಕೇಳಿದ.

"ಮೋಹನ್, ಮೇ ಐ? ಜಸ್ಟ್ ಫಾರ್ ಅ ಮಿನಿಟ್?"

ಮೋಹನರಾಜ ಮಾವನ ಮುಖ ನೋಡಿದ. ಶಿವಪುತ್ರಪ್ಪನವರು ಆ ದೊಡ್ಡ ದೇಹದ ಮನುಷ್ಯನನ್ನು ಕನಿಕರದಿಂದ ನೋಡಿ, ಅಳಿಯನ ಭುಜ ಮುಟ್ಟಿದರು.

"ಕೊಡ್ರಿ ಅಳಿಯಂದ್ರ, ಪಾಪ. ಮಾರಿದ ಮ್ಯಾಲೂ ಅವರಿಗೆ ಜೀವ ತಡ್ಯಾಂಗಿಲ್ಲ."